ತೂಬಿನ ಕೆಳಗಿನ ಎರಡು ಎಕರೆ

ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿಮ್ಮಪ್ಪನ ಪಾಲಿನ ಎರಡು ಎಕರೆ ಮಾರುತ್ತೇನೆ ಅಂತ ಮೊನ್ನೆ ನೀನು ಫೋನಿನಲ್ಲಿ ಹೇಳಿದೆ. ಆಗ ನನಗೆ ಮಾತೇ ಹೊರಡಲಿಲ್ಲ. ಬೇಡ ಅನ್ನುವ ಹಕ್ಕು ನನಗಿಲ್ಲ ಮಗಳೇ. ಜಮೀನು ನಿನ್ನದು, ಸಾಲದ ಕಷ್ಟವೂ ನಿನ್ನದೇ. ಆದರೆ ಅದರ ಜೊತೆ ಇನ್ನೇನೇನು ಕೈಬಿಟ್ಟು ಹೋಗುತ್ತದೆ ಅನ್ನುವುದು ನಿನಗೆ ಗೊತ್ತಿರಲಿ.

ನಮ್ಮದು ಕೆರೆ ಅಚ್ಚುಕಟ್ಟಿನ ಭೂಮಿ, ಅಂದರೆ ಕೆರೆ ನೀರು ಹಾಯುವ ಭೂಮಿ. ನಾನು ಹುಡುಗನಾಗಿದ್ದಾಗ ಕೆರೆಯಿಂದ ನೀರು ಬಿಡುವ ತೂಬು ಎತ್ತುತ್ತಿದ್ದವನು ನೀರಗಂಟಿ ಒಬ್ಬನೇ. ಬೆಳಗಿನ ಜಾವ ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಕಾಲುವೆ ಉದ್ದಕ್ಕೂ ನಡೆದು ಬರುತ್ತಿದ್ದ. ನಮ್ಮ ಗದ್ದೆಯ ಬಾಯಿಗೆ ಎರಡು ಹೆಂಟೆ ಹಸಿ ಮಣ್ಣು ಹಾಕಿ ಕಾಲಲ್ಲಿ ತುಳಿದರೆ ಮುಗಿಯಿತು, ನೀರು ಮುಂದಿನ ಗದ್ದೆಗೆ. ಆ ಮಣ್ಣು ಕೀಳುವ ಧೈರ್ಯ ಯಾರಿಗೂ ಇರಲಿಲ್ಲ. ಕೆರೆ ಅರ್ಧ ತುಂಬಿದ ವರ್ಷ ಎಲ್ಲರೂ ಕಟ್ಟೆ ಮೇಲೆ ಕೂತು, ಎಷ್ಟು ಗದ್ದೆಗೆ ಭತ್ತ, ಎಷ್ಟಕ್ಕೆ ರಾಗಿ ಅಂತ ತೀರ್ಮಾನ ಮಾಡುತ್ತಿದ್ದರು.

ಆ ಕಾಲ ಎಲ್ಲರಿಗೂ ಚೆನ್ನಾಗಿತ್ತು ಅಂತಲ್ಲ. ಅಷ್ಟು ದುಡಿದ ನೀರಗಂಟಿಗೆ ಸುಗ್ಗಿಯಲ್ಲಿ ಸಿಗುತ್ತಿದ್ದದ್ದು ಒಂದಿಷ್ಟು ಕಾಳು. ನಿನ್ನ ತಾತನೂ ಗೇಣಿಗೆ ಉಳುತ್ತಿದ್ದವರು. ದೇವರಾಜ ಅರಸರ ಕಾಲದಲ್ಲಿ, ಉಳುವವನೇ ಒಡೆಯ ಅನ್ನುವ 1974ರ ಭೂ ಸುಧಾರಣೆ ಕಾನೂನು ಬಂದ ಮೇಲೆ, ಗೇಣಿದಾರರ ಅರ್ಜಿಯಾದ ಫಾರಂ ನಂಬರ್ 7 ಕೊಟ್ಟು, ಭೂ ನ್ಯಾಯಮಂಡಳಿಗೆ ಅಲೆದು ಈ ನೆಲವನ್ನು ನಮ್ಮದು ಮಾಡಿದರು. ಹಾಗಿರುವಾಗ ಭೂಮಿ ಕೈ ಬದಲಾಗುವುದೇ ತಪ್ಪು ಅಂತ ನಾನು ಹೇಗೆ ಹೇಳಲಿ? ಆದರೆ ಆಗ ಒಡೆಯರಾದವರು ಕೆರೆ ನಂಬಿ ಬದುಕುವವರು. ಕಾಲುವೆ ಹೂಳು ತೆಗೆಯಲು ಮನೆಗೊಂದಾಳು ಬರುತ್ತಿದ್ದರು.

ಅದೇ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳು 2020ರ ತಿದ್ದುಪಡಿಯಲ್ಲಿ ಹೋದವು. ಕೃಷಿಕರಲ್ಲದವರೂ ಈಗ ಕೃಷಿ ಭೂಮಿ ಕೊಳ್ಳಬಹುದು. ನಮ್ಮ ಅಚ್ಚುಕಟ್ಟಿನಲ್ಲಿ ವಾರಕ್ಕೊಮ್ಮೆ ಬಂದು ಹೋಗುವ ಒಡೆಯರೇ ಜಾಸ್ತಿ ಆಗಿದ್ದಾರೆ. ಅವರು ಕೆಟ್ಟವರಲ್ಲ. ದಿನಾ ಇರಲಾಗದವರು ಭತ್ತ ನಾಟಿ ಮಾಡುವುದು ಹೇಗೆ? ಬೋರ್ ಕೊರೆಸಿ, ಡ್ರಿಪ್ ಎಳೆದು ಅಡಿಕೆ ಇಡುತ್ತಾರೆ. ಅಡಿಕೆಗೆ ಕಡು ಬೇಸಿಗೆಯಲ್ಲೂ ನೀರು ಬೇಕು. ಬೋರ್ ಇದ್ದವರಿಗೆ ತೂಬು ಸೋರಿದರೂ ಚಿಂತೆ ಇಲ್ಲ, ಹೂಳು ತೆಗೆಯೋಣ ಬನ್ನಿ ಅಂದರೆ ಬರುವುದೂ ಇಲ್ಲ. ಆದರೆ ಆ ಬೋರಿಗೆ ನೀರು ಇಂಗುವುದು ಈ ಕೆರೆಯಿಂದಲೇ ಅಲ್ವಾ? ನನ್ನ ಹೊಟ್ಟೆ ಉರಿಯುವುದು ಇದಕ್ಕೇ.

ನೆಲದಡಿಯ ನೀರು ನೆಲದ ಒಡೆಯನದು ಅನ್ನುವ ಲೆಕ್ಕ 1882ರ ಈಸ್‌ಮೆಂಟ್ ಕಾಯ್ದೆಯ ಕಾಲದಿಂದ ನಡೆದು ಬಂದಿದೆ. ಅಂತರ್ಜಲಕ್ಕೆ ಅಂತ 2011ರ ಕಾಯ್ದೆ ಇದೆ, ನಿಜ. ಆದರೆ ದಿನಕ್ಕೆ ಎಷ್ಟು ನೀರು ಎತ್ತುತ್ತಾರೆ ಅಂತ ಊರಲ್ಲಿ ನೋಡುವವರು ಯಾರೂ ಇಲ್ಲ. ನಿನ್ನ ಎರಡು ಎಕರೆಯಲ್ಲಿ ಆಳದ ಬೋರ್ ಬಿದ್ದರೆ ಪಕ್ಕದವರ ತೆರೆದ ಬಾವಿ ಒಣಗಬಹುದು. ಅವರು ಯಾರನ್ನು ಕೇಳಬೇಕು?

ಇನ್ನೊಂದು ವಿಷಯ, ಇದನ್ನು ಮಾತ್ರ ಮರೆಯಬೇಡ. ನಿನ್ನ ಪಹಣಿಯಲ್ಲಿ ನಾಲ್ಕು ಗುಂಟೆ ಬಿ ಖರಾಬು ಅಂತ ಇದೆ. ಅದೇ ಕಾಲುವೆ. ಕೆಳಗಿನ ಗದ್ದೆಗಳಿಗೆಲ್ಲ ನೀರು ಹೋಗುವುದು ಅಲ್ಲಿಂದ. ಬಿ ಖರಾಬು ಸಾರ್ವಜನಿಕ ಉಪಯೋಗದ ಜಾಗ, ಮಾರುವ ಹಾಗಿಲ್ಲ. ಆದರೂ ಕೊಂಡವರು ಅದನ್ನು ಮುಚ್ಚಿಬಿಡಬಹುದು. ಕೆರೆ ಮೇಲುಗಡೆ ಒಬ್ಬರು ಹೀಗೇ ಕೆರೆಗೆ ನೀರು ತರುವ ಹಳ್ಳಕ್ಕೆ ಮಣ್ಣು ತುಂಬಿ ಬೇಲಿ ಹಾಕಿದರು. ಆ ವರ್ಷ ಮಳೆ ಚೆನ್ನಾಗಿ ಬಂದರೂ ಕೆರೆ ಕೋಡಿ ಬೀಳಲಿಲ್ಲ. ಆದ್ದರಿಂದ ಗ್ರಾಮ ನಕಾಶೆ ತೆಗೆಸು. ಕ್ರಯಪತ್ರದ ಚೆಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿ ಬರೆಯುವ ಕಡೆ, ಕಾಲುವೆಯನ್ನು ಸ್ಪಷ್ಟವಾಗಿ ಬರೆಸು. ಮಾತಿನಲ್ಲಿ ಒಪ್ಪಿಕೊಂಡರು ಅಂತ ಸುಮ್ನೆ ಬಿಡಬೇಡ.

ಕೆಳಗಿನ ಗದ್ದೆಯವರನ್ನೂ ಮೊದಲು ಒಂದು ಮಾತು ಕೇಳು. ದುಡ್ಡು ಒಂದೇ ಸಲ ಕೊಡಲು ಅವರಿಂದ ಆಗದು, ಕಂತು ಕೇಳುತ್ತಾರೆ. ನಿನ್ನ ಸಾಲ ಅಷ್ಟು ದಿನ ತಡೆಯುತ್ತದಾ ನೋಡು. ತಡೆಯದಿದ್ದರೆ ನನಗೆ ಹೇಳು, ನನ್ನ ಕೈಲಾದದ್ದು ಕೊಡುತ್ತೇನೆ.

ಅಲ್ಲಿಯವರೆಗೆ ಯಾರಿಂದಲೂ ಅಡ್ವಾನ್ಸ್ ತೆಗೆದುಕೊಳ್ಳಬೇಡ. ಮುಂದಿನ ಭಾನುವಾರ ಬಾ. ತೂಬಿನಿಂದ ಕೊನೆಯ ಗದ್ದೆಯವರೆಗೆ ಇಬ್ಬರೂ ನಡೆದು ನೋಡೋಣ. ಹಳೇ ಚಪ್ಪಲಿ ಹಾಕಿಕೊಂಡು ಬಾ, ಕಾಲುವೆಯಲ್ಲಿ ಇನ್ನೂ ಕೆಸರಿದೆ.

ನಿನ್ನ ದೊಡ್ಡಪ್ಪ