ಗುಡ್ಡವನ್ನೂ ತಲೆಕೆಳಗೆ ಬರೆದ ನಕ್ಷೆ

ಸಂಪಾದಕರೇ,

ಫೋನಿನಲ್ಲಿ ದಾರಿ ನೋಡುವಾಗೆಲ್ಲ ನನಗೆ ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ರಸ್ತೆ ನಕ್ಷೆ ಮಾಡಿದ ಜಾನ್ ಓಗಿಲ್ಬಿ ನೆನಪಾಗುತ್ತಾರೆ. 1666ರ ಲಂಡನ್ ಬೆಂಕಿಯಲ್ಲಿ ಅವರ ಮನೆ, ಪುಸ್ತಕದ ದಾಸ್ತಾನು ಸುಟ್ಟುಹೋಯಿತು. ಆದರೂ ಎಪ್ಪತ್ತು ದಾಟಿದ ಮೇಲೆ, 1675ರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್ ರಸ್ತೆಗಳ ನಕ್ಷೆ ಪುಸ್ತಕ ‘ಬ್ರಿಟಾನಿಯಾ’ ಅಚ್ಚು ಹಾಕಿಸಿದರು. ಚಕ್ರ ಉರುಳಿಸಿ ಅಳೆದ ದಾರಿಗಳು. ಮೈಲಿಗೆ ಒಂದು ಇಂಚು, ಒಟ್ಟು 100 ನಕ್ಷೆ. ಸುರುಳಿ ಬಿಚ್ಚಿದ ಹಾಗೆ ರಸ್ತೆ ಕೆಳಗಿನಿಂದ ಮೇಲಕ್ಕೆ ಸಾಗುತ್ತದೆ. ಹತ್ತುವ ಗುಡ್ಡ ನೆಟ್ಟಗಿದೆ, ಇಳಿಯುವ ಗುಡ್ಡ ತಲೆಕೆಳಗಾಗಿದೆ. ಎಷ್ಟು ಚೆಂದದ ಉಪಾಯ ಅಲ್ವಾ!

ಪುಸ್ತಕ ಮಾತ್ರ ಹೊರಲಾರದಷ್ಟು ಭಾರ. ಮರುವರ್ಷವೇ ಅವರು ತೀರಿಕೊಂಡರು. ಜೇಬಿಗೆ ಹಿಡಿಸುವ ಆವೃತ್ತಿಗಳು ಬಂದದ್ದು 1719–20ರಲ್ಲಿ, ಬೇರೆಯವರಿಂದ. ಇಂಥ ನಕ್ಷೆಗಳ ಕಥೆಯನ್ನು ಭಾನುವಾರದ ಪುರವಣಿಯಲ್ಲಿ ಚಿತ್ರದ ಸಮೇತ ದಯವಿಟ್ಟು ಕೊಡಿ.

– ಒಬ್ಬ ಓದುಗ, ಮೈಸೂರು