ಅಲಿ ಸೋತ ರಾತ್ರಿ

ಬಾಕ್ಸರ್ ಮುಹಮ್ಮದ್ ಅಲಿ ಬಗ್ಗೆ ಬರೆಯಲು ಕೂತವರೆಲ್ಲ ಗೆಲುವುಗಳಿಂದಲೇ ಶುರು ಮಾಡುತ್ತಾರೆ. 1960ರ ರೋಮ್ ಒಲಿಂಪಿಕ್ಸ್ ಚಿನ್ನ, 1964ರಲ್ಲಿ ಏಳನೇ ಸುತ್ತಿಗೆ ಏಳಲಾಗದೆ ಸ್ಟೂಲ್ ಮೇಲೇ ಕೂತುಬಿಟ್ಟ ಆಗಿನ ಚಾಂಪಿಯನ್ ಸನ್ನಿ ಲಿಸ್ಟನ್, ಮೂರು ಸಲ ಹೆವಿವೇಯ್ಟ್ ಪಟ್ಟ, 61 ಪಂದ್ಯಗಳಲ್ಲಿ 56 ಗೆಲುವು. ಇದೆಲ್ಲ ನಿಮಗೆ ಗೊತ್ತಿರುವುದೇ. ಈ ಸಲ ನಾನು ಬರೆಯುತ್ತಿರುವುದು 1971ರಲ್ಲಿ ಜೋ ಫ್ರೇಜಿಯರ್ ಎದುರು ಆತ ಸೋತ ಪಂದ್ಯದ ಬಗ್ಗೆ, ಯಾಕೆಂದರೆ ನನಗೆ ಅಲಿ ಅತಿ ದೊಡ್ಡವನಾಗಿ ಕಾಣುವುದು ಅಲ್ಲೇ.

1967ರ ಏಪ್ರಿಲ್‌ನಲ್ಲಿ ಹ್ಯೂಸ್ಟನ್‌ನಲ್ಲಿ ಅಮೆರಿಕದ ಸೇನೆಗೆ ಸೇರಿಸಿಕೊಳ್ಳಲು ಅಲಿಯ ಹೆಸರು ಕರೆದರು. ಕರೆದಾಗ ಒಂದು ಹೆಜ್ಜೆ ಮುಂದೆ ಬರಬೇಕು, ಅಷ್ಟೆ. ಅಲಿ ಬರಲಿಲ್ಲ. ವಿಯೆಟ್ನಾಂ ಯುದ್ಧಕ್ಕೆ ಹೋಗಲ್ಲ ಅಂದ. ಪಟ್ಟ ಹೋಯಿತು, ಲೈಸೆನ್ಸ್ ಹೋಯಿತು, ಐದು ವರ್ಷ ಜೈಲು ಅಂತ ತೀರ್ಪೂ ಬಂತು, ಮೇಲ್ಮನವಿ ಹಾಕಿದ್ದರಿಂದ ಜೈಲಿಗೆ ಹೋಗಲಿಲ್ಲ ಅಷ್ಟೆ. ಆಗ ವಯಸ್ಸು 25. ಬಾಕ್ಸರ್‌ನ ಕಾಲು ಅತಿ ಚುರುಕಾಗಿರುವ ಮೂರೂವರೆ ವರ್ಷ ರಿಂಗ್‌ನ ಹೊರಗೇ ಕಳೆದುಹೋಯಿತು.

1971ರ ಮಾರ್ಚ್ 8ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜೋ ಫ್ರೇಜಿಯರ್ ಎದುರು ನಿಂತಾಗ ಆ ಶಿಕ್ಷೆ ಇನ್ನೂ ರದ್ದಾಗಿರಲಿಲ್ಲ. ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು ಅದೇ ಜೂನ್‌ನಲ್ಲಿ. ಇಬ್ಬರೂ ಅಲ್ಲಿಯವರೆಗೆ ಸೋಲೇ ಕಾಣದವರು. ಅಲಿಯ ಕಾಲುಗಳಲ್ಲಿ ಹಳೇ ಕುಣಿತ ಇರಲಿಲ್ಲ, ಮೊದಲಾದರೆ ಗಾಳಿಗೆ ಹೋಗುತ್ತಿದ್ದ ಗುದ್ದುಗಳು ಈಗ ಮೈಗೇ ಬೀಳುತ್ತಿದ್ದವು. ಕೊನೆಯ, 15ನೇ ಸುತ್ತಿನಲ್ಲಿ ಫ್ರೇಜಿಯರ್‌ನ ಲೆಫ್ಟ್ ಹುಕ್ ದವಡೆಗೆ ಬಿತ್ತು ನೋಡಿ, ಅಲಿ ಅಂಗಾತ ಬಿದ್ದ, ಬೂಟಿಗೆ ಕಟ್ಟಿದ್ದ ಕೆಂಪು ಕುಚ್ಚುಗಳು ಮೇಲಕ್ಕೆ ಹಾರಿದವು. ಅಂಥ ಏಟು ತಿಂದವರು ಏಳಲ್ಲ. ಈತ ಎದ್ದ, ಊದಿದ ದವಡೆ ಇಟ್ಟುಕೊಂಡೇ ಸುತ್ತು ಮುಗಿಸಿದ. ಮೂವರೂ ತೀರ್ಪುಗಾರರು ಫ್ರೇಜಿಯರ್ ಗೆದ್ದ ಅಂದರು.

ಕಾಲು ಕೈಕೊಟ್ಟರೆ ಏಟು ತಡೆದುಕೊಂಡೇ ಗೆಲ್ಲಬೇಕು ಅಂತ ಅಲಿ ಆಮೇಲೆ ತನ್ನ ಆಟವನ್ನೇ ಬದಲಿಸಿದ. 1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ರಿಂಗ್‌ನ ಹಗ್ಗಕ್ಕೆ ಒರಗಿ, ಆಗಿನ ಚಾಂಪಿಯನ್ ಜಾರ್ಜ್ ಫೋರ್‌ಮನ್ ಸುಸ್ತಾಗುವವರೆಗೂ ಹೊಡೆಸಿಕೊಂಡ, ಎಂಟನೇ ಸುತ್ತಲ್ಲಿ ಮಲಗಿಸಿದ. ಜನ ಇದನ್ನು ಜಾಣತನ ಅಂತ ಮಾತ್ರ ಹೊಗಳುತ್ತಾರೆ. ಅಷ್ಟೊಂದು ಏಟು ಸುಮ್ನೆ ಹೋಗುತ್ತಾ? ಪಾರ್ಕಿನ್ಸನ್ ಕಾಯಿಲೆ ಇದೆ ಅಂತ ಗೊತ್ತಾದಾಗ ಅವನಿಗೆ 42.

ಹೊಗಳುವಾಗ ಇನ್ನೊಂದನ್ನೂ ಹೇಳಬೇಕು. ನಿಷೇಧದ ದಿನಗಳಲ್ಲಿ ಅಲಿಯ ಪರ ನಿಂತವರಲ್ಲಿ ಫ್ರೇಜಿಯರ್ ಕೂಡ ಒಬ್ಬ. ಅಂಥವನನ್ನು ಅಲಿ ಎಲ್ಲರೆದುರು ಗೊರಿಲ್ಲಾ ಅಂತ ಆಡಿಕೊಂಡ. ಟಿಕೆಟ್ ಮಾರಲು ಹಾಗೆ ಮಾಡಿದ ಅಂತ ಸಮರ್ಥಿಸುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ. 2001ರಲ್ಲಿ ಅಲಿಯೇ ಕ್ಷಮೆ ಕೇಳಿದ, ತೀರಾ ತಡವಾಗಿ.

ಆ ಪಂದ್ಯದ ವಿಡಿಯೋ ಸುಲಭವಾಗಿ ಸಿಗುತ್ತದೆ. ಹೈಲೈಟ್ಸ್ ಬೇಡ, ಪುರುಸೊತ್ತು ಮಾಡಿಕೊಂಡು 15 ಸುತ್ತೂ ನೋಡಿ. ಅವತ್ತು ಗೆಲ್ಲಬೇಕಿದ್ದದ್ದು ಅಲಿಯೇ ಅನ್ನುವವರು ಈಗಲೂ ಇದ್ದಾರೆ. ನೀವೂ ಅವರಲ್ಲಿ ಒಬ್ಬರಾದರೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ನಾನಂತೂ ಅವತ್ತಿನ ಅಂಕ ಫ್ರೇಜಿಯರ್‌ಗೇ ಕೊಡುವವನು.