ಚೆಕ್ ಎಂಜಿನ್ ದೀಪ ಆರಿಸಿದಿರಿ, ದೋಷ ಹುಡುಕಲಿಲ್ಲ

ಇವರಿಗೆ,
ಸರ್ವಿಸ್ ಮ್ಯಾನೇಜರ್

ವಿಷಯ: ಹಳೆಯ ಪಿಕಪ್‌ನ ಚೆಕ್ ಎಂಜಿನ್ ದೀಪದ ತಪಾಸಣೆಯಲ್ಲಿನ ಲೋಪ ಮತ್ತು ಹಣ ವಾಪಸಾತಿ ಕುರಿತು.

ಮಾನ್ಯರೇ,

2 ಲಕ್ಷ ಕಿಲೋಮೀಟರ್ ದಾಟಿದ ನನ್ನ ಪೆಟ್ರೋಲ್ ಪಿಕಪ್ಪನ್ನು ಎರಡು ತಿಂಗಳಲ್ಲಿ ಮೂರು ಸಲ ನಿಮ್ಮ ವರ್ಕ್‌ಶಾಪಿಗೆ ತಂದೆ. ಮೂರು ಸಲವೂ ದೂರು ಒಂದೇ: ಚೆಕ್ ಎಂಜಿನ್ ದೀಪ ಉರಿಯುತ್ತಿದೆ, ಗಾಡಿ ನಿಂತು ಐಡ್ಲಿಂಗ್‌ನಲ್ಲಿರುವಾಗ ಎಂಜಿನ್ ತಡವರಿಸುತ್ತದೆ.

ಮೊದಲ ಸಲ ಸ್ಕ್ಯಾನರ್ ತೋರಿಸಿದ ಕೋಡ್ ಪಿ0171. ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಇಲ್ಲ. ಇಷ್ಟು ನೋಡಿದ್ದೇ ತಡ, ನಿಮ್ಮ ಮೆಕ್ಯಾನಿಕ್ "ಆಕ್ಸಿಜನ್ ಸೆನ್ಸರ್ ಹೋಗಿದೆ ಸಾರ್" ಎಂದು, ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆ ಸೆನ್ಸರನ್ನು ಬದಲಿಸಿ, ಕೋಡ್ ಅಳಿಸಿ ಕಳಿಸಿದರು. ನಾಲ್ಕನೇ ದಿನ ದೀಪ ಮತ್ತೆ ಹತ್ತಿತು. ಹೊಸ ಸೆನ್ಸರೇ ಸರಿ ಇಲ್ಲವೇನೋ ಎಂದು ಇನ್ನೊಂದು ಹಾಕಿದಿರಿ, ಅದಕ್ಕೂ ಬಿಲ್ ಮಾಡಿದಿರಿ. ಮೂರನೇ ಸಲ ಫ್ಯುಯೆಲ್ ಪಂಪ್ ಬದಲಿಸಬೇಕೆಂದಾಗ ಗಾಡಿಯನ್ನು ಹಾಗೇ ಮನೆಗೆ ತಂದೆ.

ಗೆಳೆಯರೊಬ್ಬರ ಕೋಡ್ ರೀಡರ್ ಹಾಕಿ ಫ್ಯುಯೆಲ್ ಟ್ರಿಮ್, ಅಂದರೆ ಎಂಜಿನ್ ಕಂಪ್ಯೂಟರ್ ಇಂಧನವನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ, ನೋಡಿದೆ. ಐಡ್ಲಿಂಗ್‌ನಲ್ಲಿ ಶೇ. 22 ಹೆಚ್ಚು, 2500 ಆರ್‌ಪಿಎಂಗೆ ಏರಿಸಿದರೆ ಶೇ. 4. ಪಂಪ್ ಸೋತಿದ್ದರೆ ಲೋಡ್ ಬಿದ್ದಷ್ಟೂ ಈ ಅಂಕಿ ಏರಬೇಕಿತ್ತು, ಇಲ್ಲಿ ಇಳಿಯಿತು. ಎಲ್ಲೋ ಹೊರಗಿನ ಗಾಳಿ ಸೋರಿ ಎಂಜಿನ್ ಒಳಗೆ ಸೇರುತ್ತಿದೆ ಎಂಬುದಕ್ಕೆ ಇದಕ್ಕಿಂತ ಸುಳಿವು ಬೇಕೇ? ಬಾನೆಟ್ ಎತ್ತಿ ಕಿವಿಗೊಟ್ಟರೆ ಎಂಜಿನ್‌ಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಹಿಂದೆ ಸಣ್ಣಗೆ ಸುಯ್ಯೆನ್ನುವ ಸದ್ದು. ಎಂಜಿನ್ ಒಳಗಿನ ಆವಿಯನ್ನು ಮತ್ತೆ ಇನ್‌ಟೇಕ್‌ಗೆ ಬಿಡುವ ಪಿಸಿವಿ ವಾಲ್ವ್‌ನಿಂದ ಬರುವ ರಬ್ಬರ್ ಪೈಪಿನ ಮೊಣಕೈ ಮೇಲ್ನೋಟಕ್ಕೆ ಚೆನ್ನಾಗಿಯೇ ಇತ್ತು. ಬೆರಳಿನಿಂದ ಒತ್ತಿದೆ, ಅಡಿಭಾಗದಲ್ಲಿ ಉಗುರಿನಷ್ಟು ಉದ್ದದ ಸೀಳು ಬಾಯಿ ಬಿಟ್ಟಿತು, ಬೆರಳಿಗೆ ಕಪ್ಪು ಪುಡಿ ಮೆತ್ತಿತು. ಪೈಪ್ ಬದಲಿಸಿ ಮೂರು ವಾರವಾಯಿತು. ದೀಪ ಹತ್ತಿಲ್ಲ.

ನಾನು ಮೆಕ್ಯಾನಿಕ್ ಅಲ್ಲ. ಆದರೆ ಆ ಸೆನ್ಸರ್ ಇದ್ದದ್ದನ್ನು ಇದ್ದಂತೆ ಹೇಳುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು ನಿಮ್ಮ ರಿಪೇರಿ. ಹಳೆಯ ಗಾಡಿಯಲ್ಲಿ ರಬ್ಬರ್ ಒಣಗಿ ಬಿರಿಯುವುದು ನಿಮಗೆ ಗೊತ್ತಿಲ್ಲದ್ದೇನಲ್ಲ.

ಇನ್ನೊಂದು ಮಾತು. ಕೋಡ್ ಬಿದ್ದ ಹೊತ್ತಿನ ಎಂಜಿನ್ ಬಿಸಿ, ವೇಗ, ಲೋಡ್ ಎಲ್ಲ ಫ್ರೀಜ್ ಫ್ರೇಮ್‌ನಲ್ಲಿ ದಾಖಲಾಗಿರುತ್ತವೆ. ಕೋಡ್ ಅಳಿಸಿದರೆ ಅವೂ ಹೋಗುತ್ತವೆ. ಎರಡು ಸಲವೂ ಬರೆದಿಟ್ಟುಕೊಳ್ಳದೆ ಅಳಿಸಿದ್ದೀರಿ. ಜಾಬ್ ಕಾರ್ಡ್‌ನಲ್ಲಿರುವುದು "ಸೆನ್ಸರ್ ಬದಲಿಸಲಾಗಿದೆ" ಎಂಬ ಒಂದೇ ಸಾಲು.

ಆದ್ದರಿಂದ ಎರಡೂ ಸೆನ್ಸರ್‌ಗಳ ಬೆಲೆ ಹಾಗೂ ಕೂಲಿಯನ್ನು ಹಿಂದಿರುಗಿಸಬೇಕು. ಗಾಡಿಯಿಂದ ಬಿಚ್ಚಿದ ಮೂಲ ಸೆನ್ಸರ್ ಇನ್ನೂ ನಿಮ್ಮಲ್ಲಿದ್ದರೆ ಅದನ್ನೂ ಕೊಡಬೇಕು, ಅದು ಕೆಟ್ಟಿತ್ತೆಂದು ನನಗೆ ಅನ್ನಿಸುತ್ತಿಲ್ಲ. ಎರಡೂ ಬಿಲ್‌ಗಳ ಪ್ರತಿ ಮತ್ತು ಸೀಳಿದ ಪೈಪಿನ ಫೋಟೋ ಲಗತ್ತಿಸಿದ್ದೇನೆ. ಪೈಪ್ ನನ್ನ ಬಳಿಯೇ ಇದೆ, ಬಂದರೆ ತೋರಿಸುತ್ತೇನೆ. 15 ದಿನಗಳೊಳಗೆ ಲಿಖಿತ ಉತ್ತರ ಕೊಡಿ.

ಇತಿ,
ನಿಮ್ಮ ಗ್ರಾಹಕ